ಅಪ್ಪ ಎದ್ದು ಹೋಗದ ಪುಸ್ತಕ

ನನ್ನ ದನಿ ಚೆನ್ನಾಗಿಲ್ಲ. ವಿನಯಕ್ಕೆ ಹೇಳುವ ಮಾತಲ್ಲ ಇದು. ವಿನಯವೆಂಬುದು ನನ್ನ ಸ್ವಭಾವದಲ್ಲೇ ಇಲ್ಲವೆಂದು ನನ್ನನ್ನು ಬಲ್ಲವರೆಲ್ಲ ಒಪ್ಪುತ್ತಾರೆ. ನನ್ನ ದನಿ ದಪ್ಪ, ಒರಟು, ಸ್ವಲ್ಪ ಏರಿಸಿದರೆ ಒಡಕು. ಫೋನಿನಲ್ಲಿ ಇವತ್ತಿಗೂ ನನ್ನನ್ನು ‘ಸರ್’ ಎನ್ನುವವರಿದ್ದಾರೆ. ನಾನು ತಿದ್ದಲು ಹೋಗುವುದಿಲ್ಲ, ಕೆಲಸ ಬೇಗ ಆಗುತ್ತದೆ.

ಮರಾಠಿ ನಾಡಿನ ಇಚಲಕರಂಜಿಯ ಕನ್ನಡ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ನಮ್ಮ ಅಕ್ಕೋರು ಸಾಲುಸಾಲಾಗಿ ಕಿವಿಗೊಡುತ್ತ ಬಂದು ನನ್ನೆದುರಿಗೆ ನಿಂತುಬಿಡುತ್ತಿದ್ದರು. “ನೀ ಬರೇ ತುಟಿ ಅಲ್ಲಾಡಸವಾ, ದನಿ ತಗೀಬ್ಯಾಡ” ಎನ್ನುತ್ತಿದ್ದರು. ನಾನು ಏಳನೆಯ ಇಯತ್ತೆಯವರೆಗೂ ದೇವರನ್ನು ತುಟಿಯಿಂದಲೇ ಹೊಗಳಿದೆ. ದೇವರು ಬೇಸರಪಟ್ಟ ಲಕ್ಷಣವೇನೂ ಕಾಣಲಿಲ್ಲ.

ಆದರೆ ತಪ್ಪು ನನ್ನದೊಬ್ಬಳದೇ ಅಲ್ಲ. ನಾವಿದ್ದ ಓಣಿಯ ಎರಡೂ ಕಡೆಗೆ ಪವರ್‌ಲೂಮಿನ ಕಾರಖಾನೆಗಳು. ಹಗಲೂ ರಾತ್ರಿ ಖಟಾಖಟ್, ಖಟಾಖಟ್. ಮಕ್ಕಳು ತೊಟ್ಟಿಲಲ್ಲೇ ಕಿರುಚಲು ಕಲಿಯುತ್ತಿದ್ದವು. ಒಂದು ಚಿಟಿಕೆ ಉಪ್ಪು ಕೇಳಬೇಕೆಂದರೂ ಹೊಳೆಯ ಆಚೆ ದಂಡೆಯವರನ್ನು ಕರೆದಂತೆ ಕೂಗಬೇಕು. ಬೆಳಗಾವಿ ಕಡೆಯ ಹಳ್ಳಿಯಲ್ಲಿ ಕುರಿ ಕಾಯುತ್ತಿದ್ದ ಅಪ್ಪ ಮೀಸೆ ಮೂಡುವ ಮುಂಚೆಯೇ ಇಲ್ಲಿಗೆ ಬಂದು ಮಗ್ಗಕ್ಕೆ ನಿಂತವನು. ಅವ್ವ ಕಾಂಡಿ ತುಂಬುತ್ತಿದ್ದಳು. ಲಾಳಿಯ ಹೊಟ್ಟೆಯಲ್ಲಿ ಕೂಡುವ ನೂಲಿನ ಕಡ್ಡಿಗೆ ನಮ್ಮಲ್ಲಿ ಕಾಂಡಿ ಎನ್ನುತ್ತಾರೆ. ಹತ್ತನೆಯ ಇಯತ್ತೆ ಮುಗಿಸಿ ನಾನೂ ಅವ್ವನ ಮಗ್ಗುಲಿಗೆ ಕೂತೆ. ತಲೆಗೂದಲಲ್ಲಿ ಯಾವಾಗಲೂ ಹತ್ತಿಯ ಎಳೆ ಸಿಕ್ಕಿಕೊಂಡಿರುತ್ತಿತ್ತು, ಹದಿನೇಳಕ್ಕೇ ಅರ್ಧ ನರೆತವಳಂತೆ ಕಾಣುತ್ತಿದ್ದೆ.

ವಾರಕ್ಕೊಂದು ದಿನ ಸೂಟಿ. ಅವತ್ತು ಕರೆಂಟು ಇರುತ್ತಿರಲಿಲ್ಲ, ಮಗ್ಗಗಳೆಲ್ಲ ನಿಲ್ಲುತ್ತಿದ್ದವು. ಬೆಳಿಗ್ಗೆ ಎದ್ದವರಿಗೆ ಕಿವಿಗೆ ಏನೋ ಆಗಿದೆ ಎನಿಸುವಷ್ಟು ಸುಮ್ಮನಿರುತ್ತಿತ್ತು ಊರು. ಆ ಒಂದು ದಿನ ಮಾತ್ರ ನಮ್ಮ ಓಣಿಯವರಿಗೆ ತಮ್ಮ ತಮ್ಮ ದನಿ ಎಷ್ಟು ದೊಡ್ಡದೆಂದು ಗೊತ್ತಾಗುತ್ತಿತ್ತು. ಗಂಡ ಹೆಂಡಿರ ಗುಟ್ಟೆಲ್ಲ ಸೂಟಿಯ ದಿನವೇ ಹೊರಬೀಳುತ್ತಿದ್ದುದು.

ಅವತ್ತು ಮಧ್ಯಾಹ್ನ ಊಟವಾದ ಮೇಲೆ ನಮ್ಮ ಮನೆಯ ಮುಂದಿನ ಪಡಸಾಲೆಯಲ್ಲಿ ಪುಸ್ತಕ ಓದುವ ರೂಢಿ. ಓದುತ್ತಿದ್ದವರು ಓಣಿಯ ಕೊನೆಯ ಮನೆಯ ಅಜ್ಜ. ಅವರ ದನಿ ಎಣ್ಣೆ ಹಚ್ಚಿದಂತೆ ನುಣುಪು. ಓಣಿಯ ಹೆಂಗಸರು ಬೆಳ್ಳುಳ್ಳಿ ಸುಲಿಯುತ್ತ, ತೊಗರಿ ಹಸನು ಮಾಡುತ್ತ ಕೇಳುತ್ತಿದ್ದರು. ಗಂಡಸರು ಕೆಲವರು ಗೋಡೆಗೆ ಒರಗಿ ತಂಬಾಕು ತಿಕ್ಕುತ್ತಿದ್ದರು. ಎಲ್ಲರ ನಡುವೆ ಒಂದು ಮೊರದ ತುಂಬ ಚುರಮುರಿ. ಓಣಿಯ ಮಕ್ಕಳೆಲ್ಲ ಮರಾಠಿ ಶಾಲೆಗೆ ಹೋಗುವವರಾದ್ದರಿಂದ ಕನ್ನಡ ಅಕ್ಷರ ಬರುವವರು ಅಜ್ಜ ಮತ್ತು ನಾನು, ಇಬ್ಬರೇ. ನನ್ನನ್ನು ದೂರದ ಕನ್ನಡ ಶಾಲೆಗೆ ಹಾಕಿದವನು ಅಪ್ಪ. ಅವನಿಗೆ ಓದಲು ಬಾರದು. ಎಲ್ಲರೂ ನಕ್ಕರೂ ಅವನದು ಒಂದೇ ಹಟ: “ನಮ್ಮ ಮಾತು ಓದಾಕ ಬರವ್ರು ಮನ್ಯಾಗ ಒಬ್ಬರರೆ ಇರಲಿ.”

ಅಜ್ಜನ ಕಣ್ಣಿಗೆ ಪೊರೆ ಬಂದಿತು. ಒಂದು ಸೂಟಿಯ ದಿನ ಅವರು ಪುಸ್ತಕವನ್ನು ನನ್ನ ಮಡಿಲಿಗೆ ಹಾಕಿಬಿಟ್ಟರು.

“ಇನ್ನ ನನಗ ಅಕ್ಷರ ಕಾಣವಲ್ವು. ಮುಂದಿನ ವಾರದಿಂದ ನೀ ಓದವಾ.”

“ನನ್ನ ದನಿ ಛೊಲೋ ಇಲ್ಲರೀ, ಅಜ್ಜಾ.”

“ದನೀದೇನೈತಿ. ಪುಸ್ತಕ ಹೊಂದಬೇಕು ನೋಡು. ಚಪ್ಲಿ ಹೆಂಗ ಕಾಲಾಗ ಹಾಕಿ ನೋಡಿ ತಗೋತಿ, ಹಂಗ ಪುಸ್ತಕಾನೂ ಬಾಯಾಗ ಹಾಕಿ ನೋಡಿ ತಗೋ.”

“ಚಪ್ಲಿ ಬಾಯಾಗ ಹಾಕ್ಕೋ ಅಂದಂಗಾತಲ್ಲರೀ” ಎಂದೆ. ಅಜ್ಜ ನಕ್ಕರು. ಅಪ್ಪ ಮಾತ್ರ ನಗಲಿಲ್ಲ. ಅವನು ನನ್ನನ್ನೂ ಪುಸ್ತಕವನ್ನೂ ನೋಡುತ್ತ ಕೂತಿದ್ದ. ಅವನ ಮುಖದಲ್ಲಿ ಹೆಮ್ಮೆಯಿತ್ತು. ಅದು ನನಗೆ ಸ್ಪಷ್ಟವಾಗಿ ಕಂಡಿತು. ಅದನ್ನು ನೋಡಿಯೇ ನಾನು ಹೂಂ ಎಂದದ್ದು.

ಮುಂದಿನ ವಾರ ಅಪ್ಪ ಬೆಳಿಗ್ಗೆಯೇ ಪಡಸಾಲೆ ಗುಡಿಸಿದ. ಚಾಪೆ ಹಾಸಿದ. ನನಗೆ ಕೂರಲು ಮಣೆ ಇಟ್ಟು, ತಾನು ಗೋಡೆಯ ಕಡೆಗೆ ಹೋಗದೆ ಸರಿಯಾಗಿ ನನ್ನೆದುರಿಗೆ, ಹೆಂಗಸರಿಗಿಂತ ಮುಂದೆ ಕೂತ. ಅವ್ವ ಕಣ್ಣಲ್ಲೇ ಗದರಿದರೂ ಸರಿಯಲಿಲ್ಲ.

ಅಜ್ಜ ಕೊಟ್ಟಿದ್ದು ಒಂದು ಪ್ರೇಮದ ಕಾದಂಬರಿ. ನಾಯಕಿ ಪುಟಪುಟಕ್ಕೂ ನಿಟ್ಟುಸಿರು ಬಿಡುತ್ತಿದ್ದಳು. ನನ್ನ ಗಂಟಲಲ್ಲಿ ಆ ನಿಟ್ಟುಸಿರು ಎತ್ತು ನೊಗ ಇಳಿಸಿದಾಗ ಬಿಡುವ ಉಸಿರಿನಂತೆ ಬಂತು. ಅವಳು ಮಾವಿನ ಮರದ ಕೆಳಗೆ ನಿಂತು “ನನ್ನನ್ನು ಮರೆಯುವಿರಾ?” ಎಂದು ಮೆಲ್ಲಗೆ ಕೇಳಿದ್ದೇ ತಡ, ಪಕ್ಕದ ಮನೆಯ ಅತ್ಯಾ ಬೆಳ್ಳುಳ್ಳಿ ಬಿಟ್ಟು ನಕ್ಕಳು.

“ಇಂಥಾ ದನಿ ಕೇಳಿದ್ರ ಅಂವ ಜನ್ಮಕ್ಕ ಮರಿಯಾಂಗಿಲ್ಲ ಬಿಡವಾ” ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮುಖ ಬಿಸಿಯಾಯಿತು, ಪುಸ್ತಕವನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದೆ. ಒಂದೆರಡು ಪುಟ ಓದಿ ಅದರ ಅಂಚಿನ ಮೇಲಿಂದ ಇಣುಕಿ ನೋಡಿದರೆ ಎದುರಿಗಿನ ಜಾಗ ಖಾಲಿಯಿತ್ತು. ಅಪ್ಪ ಎದ್ದು ಹೋಗಿದ್ದ.

ಬೈದಿದ್ದರೆ ಬೈಗುಳ ತಿಂದು ಸುಮ್ಮನಾಗುತ್ತಿದ್ದೆ. ನಕ್ಕಿದ್ದರೂ ಸೈರಿಸುತ್ತಿದ್ದೆ. ಇಷ್ಟು ವರ್ಷ ಶಾಲೆಗೆ ಹಾಕಿ, ಚಾಪೆ ಹಾಸಿ, ಮೊದಲ ಸಾಲಲ್ಲಿ ಕೂತವನು ಮಾತಿಲ್ಲದೆ ಎದ್ದು ಹೋದನಲ್ಲ, ಅದು ನುಂಗಲಾರದ ತುತ್ತಾಯಿತು.

ರಾತ್ರಿ ಅವ್ವನನ್ನು ಕೇಳಿದೆ. “ನಿಮ್ಮಪ್ಪಗ ಭಾಳೊತ್ತ ಕೂಡಾಕ ಆಗಾಂಗಿಲ್ಲವಾ, ಕಾಲು ಹಿಡೀತಾವ” ಎಂದು ರೊಟ್ಟಿ ತಟ್ಟುತ್ತಲೇ ಹೇಳಿದಳು. ಅವ್ವ ನನ್ನ ಮುಖ ನೋಡದೆ ಮಾತಾಡಿದರೆ ಏನೋ ಮುಚ್ಚಿಡುತ್ತಿದ್ದಾಳೆಂದೇ ಅರ್ಥ. ಅಪ್ಪನ ಜೊತೆಗೆ ಮಾತ್ರ ಅವಳು ಎಂದೂ ಹಾಗೆ ಮಾತಾಡಿದವಳಲ್ಲ. ಮೊದಲು ಹೆಗಲು ಮುಟ್ಟುವಳು, ಅವನು ತಿರುಗಿದ ಮೇಲೆ ಎದುರಿಗೆ ನಿಂತೇ ಮಾತು. ಗಂಡನಿಗೆ ಕೊಡುವ ಮರ್ಯಾದೆ ಇದೆಂದು ತಿಳಿದು ನಾನೂ ಹಾಗೆಯೇ ಮಾಡುತ್ತ ಬೆಳೆದಿದ್ದೆ.

ತಪ್ಪು ಪುಸ್ತಕದ್ದು ಎಂದು ತೀರ್ಮಾನಿಸಿದೆ. ನನ್ನ ದನಿಗೆ ಹೊಂದುವ ಪುಸ್ತಕ ಸಿಕ್ಕರೆ ಅಪ್ಪ ಕೊನೆತನಕ ಕೂಡುತ್ತಾನೆ. ಗೋಕುಳ ಶಿರಗಾಂವದ ಫೌಂಡ್ರಿಯಲ್ಲಿದ್ದ ನಮ್ಮ ಕಾಕಾನ ಹತ್ತಿರ ಕೊಲ್ಹಾಪುರದ ಒಂದು ವಾಚನಾಲಯದ ಕಾರ್ಡಿತ್ತು. ಅವನು ಅದನ್ನು ದಿನಪತ್ರಿಕೆಯಲ್ಲಿ ಕುಸ್ತಿಯ ಸುದ್ದಿ ಓದಲು ಬಿಟ್ಟರೆ ಬೇರೆ ಯಾತಕ್ಕೂ ಬಳಸಿದವನಲ್ಲ. ಎಸ್‌ಟಿ ಬಸ್ಸು ಹತ್ತಿ ಕೊಲ್ಹಾಪುರಕ್ಕೆ ಹೋದೆ.

ಅಲ್ಲಿ ಕನ್ನಡಕ್ಕೆಂದು ಒಂದೇ ಕಪಾಟು, ಮೂಲೆಯಲ್ಲಿ. ನೋಡಿಕೊಳ್ಳುವವರು ವಯಸ್ಸಾದ ಮರಾಠಿ ಗೃಹಸ್ಥರು. ನಾನು ಒಂದು ಪುಸ್ತಕ ತೆಗೆದೆ, ನಿಂತೆ, ಅಜ್ಜ ಹೇಳಿದಂತೆ ಬಾಯಲ್ಲಿ ಹಾಕಿ ನೋಡಿದೆ. ನಮ್ಮ ಓಣಿಯ ಲೆಕ್ಕದಲ್ಲಿ ಅದು ಪಿಸುಮಾತು. ಓದುತ್ತ ಕೂತವರೆಲ್ಲ ಒಟ್ಟಿಗೆ ತಲೆ ಎತ್ತಿದರು.

“ಮನಾತ ವಾಚ, ಬಾಳ, ಮನಾತ” ಎಂದರು ಆ ಗೃಹಸ್ಥರು, ಮನಸ್ಸಿನಲ್ಲೇ ಓದಿಕೋ ಎಂದು.

“ಮನಾತ ವಾಚೂನ ಕಸ ಕಳಣಾರ, ಕಾಕಾ?” ಎಂದೆ, ಮನಸ್ಸಿನಲ್ಲಿ ಓದಿದರೆ ಹೇಗೆ ತಿಳಿಯಬೇಕು ಎಂದು. ಮನಸ್ಸಿನಲ್ಲಿ ಓದಿದರೆ ಎಲ್ಲ ಪುಸ್ತಕಗಳೂ ನನಗೆ ಹೊಂದುತ್ತಿದ್ದವಲ್ಲ.

ಅವರಿಗೆ ಏನನ್ನಿಸಿತೋ, ನನ್ನನ್ನು ಹಿಂದಿನ ಕಟ್ಟೆಗೆ ಕರೆದುಕೊಂಡು ಹೋದರು. ಅಲ್ಲಿ ಸೈಕಲ್ಲುಗಳನ್ನು ನಿಲ್ಲಿಸಿದ್ದರು. ನಾನು ಸೈಕಲ್ಲುಗಳಿಗೆ ಪುಸ್ತಕ ಓದಿ ಹೇಳಿದೆ, ಅವರು ಕೈಕಟ್ಟಿ ಕೇಳಿದರು. ಕನ್ನಡ ಒಂದು ಅಕ್ಷರ ಬಾರದಿದ್ದರೂ ತೀರ್ಪು ಕೊಡುವುದರಲ್ಲಿ ಅವರಿಗೆ ಸಂಕೋಚವಿರಲಿಲ್ಲ. ಒಂದು ಭಕ್ತಿಯ ಪದ್ಯದ ಪುಸ್ತಕಕ್ಕೆ “ಹೇ ಭಾಂಡಣಾಸಾರಖ ವಾಟತಯ” ಎಂದರು, ಜಗಳದಂತೆ ಕೇಳುತ್ತಿದೆ ಎಂದು. ಒಂದು ಪತ್ತೇದಾರಿ ಕಾದಂಬರಿಗೆ ಮಾತ್ರ ತಲೆದೂಗಿದರು. ನನ್ನ ದನಿಗೆ ಕೊಲೆ ಒಗ್ಗುತ್ತದೆ ಎಂದಾಯಿತು. ಅದನ್ನೇ ಎತ್ತಿಕೊಂಡು ಬಂದೆ.

ಆ ವಾರವೇ ಒಂದು ಮಧ್ಯಾಹ್ನ ಅಪ್ಪನಿಗೆ ಬುತ್ತಿ ಕೊಡಲು ಕಾರಖಾನೆಗೆ ಹೋದೆ. ಬಾಗಿಲಲ್ಲಿ ನಿಂತರೆ ನೆಲವೇ ನಡುಗುತ್ತಿತ್ತು. ಆ ಗದ್ದಲದ ನಡುವೆ ಅಪ್ಪ ಮತ್ತು ಆಚೆಯ ಮಗ್ಗದವನು ಬಿದ್ದು ಬಿದ್ದು ನಗುತ್ತಿದ್ದರು. ಇಬ್ಬರ ನಡುವೆ ನಾಲ್ಕು ಮಗ್ಗಗಳಷ್ಟು ದೂರ. ದನಿಯೇ ಇಲ್ಲ, ಬರೀ ತುಟಿ, ಹುಬ್ಬು, ನಡುನಡುವೆ ಒಂದು ಕೈಸನ್ನೆ. ಮಾಲಕನ ನಡಿಗೆಯನ್ನು ಅಣಕಿಸುತ್ತಿದ್ದರೆಂದು ತೋರುತ್ತದೆ. ಮನೆಯಲ್ಲಿ ಅಪ್ಪ ಇಷ್ಟು ನಕ್ಕದ್ದು ನಾನು ನೋಡಿರಲಿಲ್ಲ, ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು. ಅಪ್ಪ ನನ್ನನ್ನು ಕಂಡು ಅಲ್ಲಿಂದಲೇ ತುಟಿಯಲ್ಲಿ ಕೇಳಿದ: “ಪಲ್ಯಾ ಏನೈತಿ?” ನಾನೂ ತುಟಿಯಲ್ಲೇ ಹೇಳಿದೆ: “ಬದನಿಕಾಯಿ.” ಅವನು ಕಣ್ಣರಳಿಸಿದ. ಚಿಕ್ಕಂದಿನಿಂದ ಆಡುತ್ತ ಬಂದ ಮಾತು ಅದು, ಅದರಲ್ಲಿ ವಿಶೇಷವೇನೂ ಕಾಣಲಿಲ್ಲ. ಬುತ್ತಿ ಇಟ್ಟು ಬಂದೆ. ಓಣಿಯಲ್ಲಿ ನನ್ನನ್ನು ಜಾಣೆ ಎನ್ನುತ್ತಿದ್ದರು ಎಂಬುದನ್ನು ಇಲ್ಲಿ ನೆನಪಿಸಬೇಕು.

ಸೂಟಿಯ ದಿನ ಕೊಲೆಯ ಕತೆ ಶುರುವಾಯಿತು. ಅಪ್ಪ ಮತ್ತೆ ಚಾಪೆ ಹಾಸಿ ಎದುರಿಗೇ ಕೂತ. ಈ ಸಲ ನನ್ನ ದನಿ ಗೆದ್ದಿತು. ಕತ್ತಲ ಕೋಣೆಯಲ್ಲಿ ಹೆಜ್ಜೆ ಸಪ್ಪಳವಾಯಿತು ಎಂದು ಓದಿದಾಗ ಅತ್ಯಾ ಅವ್ವನ ತೋಳು ಹಿಡಿದಳು. ಆದರೆ ಹಿಂದಿನ ನಗೆಯ ಭಯ ನನಗಿನ್ನೂ ಹೋಗಿರಲಿಲ್ಲ. ಪುಸ್ತಕವನ್ನು ಪೂರ್ತಿ ಮುಖದೆದುರಿಗೆ ಹಿಡಿದಿದ್ದೆ, ಹಾಳೆಯಾಚೆ ಏನಿದೆ ಎಂದು ನೋಡುವ ಧೈರ್ಯವಿರಲಿಲ್ಲ. ಅಪ್ಪ ಏಳುವ ಸಪ್ಪಳ ಕೇಳಿಸಿತು. ಅವನ ಮೊಣಕಾಲು ಯಾವಾಗಲೂ ಸಣ್ಣಗೆ ಕಟ್ ಎನ್ನುತ್ತಿತ್ತು. ಹೋಗಲಿ, ಹೋಗೇ ಬಿಡಲಿ ಎಂದುಕೊಂಡು ಇನ್ನಷ್ಟು ಜೋರಾಗಿ ಓದಿದೆ.

ಅವನು ಹೋಗಲಿಲ್ಲ. ಪುಸ್ತಕದ ಮೇಲಂಚಿಗೆ ಒಂದು ಬೆರಳು ಬಂತು, ಉಗುರಿನ ಸಂದಿನಲ್ಲಿ ಮಗ್ಗದ ಎಣ್ಣೆ. ಆ ಬೆರಳು ಪುಸ್ತಕವನ್ನು ಮೆಲ್ಲಗೆ ಕೆಳಕ್ಕೆ ಒತ್ತಿತು.

“ಇದನ್ನ ಕೆಳಗ ಹಿಡೀ ನನ್ನವ್ವಾ. ನೀ ಏನ ಅಂತಿ ನನಗ ಕಾಣವಲ್ದು.”

ಅಪ್ಪ ಎಲ್ಲರ ಕಡೆಗೆ ಒಮ್ಮೆ ನೋಡಿ, ಜಗಳಕ್ಕೆ ನಿಂತವನಂತೆ, “ಎಲ್ಲಾರೂ ಅಂಜಾಕತ್ತಾರ, ನಗಾಕತ್ತಾರ. ನನಗೊಬ್ಬಗ ಏನಂತ ತಿಳೀವಲ್ದು” ಎಂದ.

ಅವ್ವ ತೊಗರಿಯಿಂದ ಕೈ ತೆಗೆಯದೆ ಹೇಳಿದಳು. “ನಿಮ್ಮಪ್ಪಗ ಕಿವಿ ಕೇಳಸೂದ ಹೋಗಿ ಭಾಳ ವರ್ಷ ಆತವಾ. ಕಾರಖಾನ್ಯಾಗ ನಿಂತವರದು ಎಲ್ಲಾರದೂ ಹಂಗ.” ಗೋಡೆಗೆ ಒರಗಿ ಅವ್ವನ ತುಟಿ ನೋಡುತ್ತಿದ್ದ ಗಂಡಸರು ತಂಬಾಕನ್ನು ಬಹಳ ಶ್ರದ್ಧೆಯಿಂದ ತಿಕ್ಕಿಕೊಂಡರು.

ನನ್ನ ದನಿ ಕೇಳಲಾರದೆ ಎದ್ದು ಹೋಗಿದ್ದಾನೆಂದು ಇಷ್ಟು ದಿನ ಕುದ್ದಿದ್ದೆ. ಅವನಿಗೆ ನನ್ನ ದನಿ ಕೇಳಿಸಿಯೇ ಇರಲಿಲ್ಲ. ಮೊದಲು ಎದೆಯ ಮೇಲಿನ ಕಲ್ಲು ಇಳಿದಂತಾಯಿತು, ಆ ಮೇಲೆ ಅಳು ಬಂತು. ನನ್ನ ಮುಖ ಎಲ್ಲಿ ಕಾಣುತ್ತದೆ ಎಂದು ಹುಡುಕಿ ಮುಂದೆ ಬಂದು ಕೂತವನೆದುರಿಗೆ ನಾನು ಪುಸ್ತಕವನ್ನೇ ಗೋಡೆ ಮಾಡಿ ಹಿಡಿದಿದ್ದೆ.

ಪುಸ್ತಕ ಕೆಳಗಿಳಿಸಿ ಓದಿದೆ. ತಲೆ ಬಾಗಿದರೆ ಅಪ್ಪನಿಗೆ ತುಟಿ ಕಾಣದು. ತಲೆ ಎತ್ತಿದರೆ ನನಗೆ ಅಕ್ಷರ ಕಾಣದು. ಒಂದು ವಾಕ್ಯವನ್ನು ಕಣ್ಣಲ್ಲಿ ಎತ್ತಿಕೊಂಡು, ಮುಖ ಮೇಲೆ ಮಾಡಿ ಹೇಳಬೇಕು, ಅದೊಂದೇ ದಾರಿ. ಆದರೆ ಆ ಪತ್ತೇದಾರನದು ಮಹಾ ಉದ್ದ ನಾಲಿಗೆ. ಅವನ ಒಂದು ವಾಕ್ಯ ಅರ್ಧ ಪುಟಕ್ಕೆ ಹಬ್ಬುತ್ತಿತ್ತು. ಎತ್ತಿಕೊಂಡು ಮೇಲೆ ಬರುವಷ್ಟರಲ್ಲಿ ಬಾಲ ಉದುರಿಹೋಗುತ್ತಿತ್ತು. ಕೊಲೆಗಾರ ಯಾರೆಂದು ಅವತ್ತು ಯಾರಿಗೂ ತಿಳಿಯಲಿಲ್ಲ. ಅಪ್ಪ ಹಟ ಹಿಡಿದು ಕೂತು ಕೂತು ಕಣ್ಣು ಉಜ್ಜಿಕೊಂಡ, ಕೊನೆಗೆ ಎದ್ದು ಹೋದ. ಹೋಗುವಾಗ ನನ್ನ ತಲೆ ಸವರಿ ಹೋದ ಎಂಬುದಷ್ಟೇ ವ್ಯತ್ಯಾಸ.

ಅಂದಿನಿಂದ ಪುಸ್ತಕ ಆರಿಸುವ ನನ್ನ ಕ್ರಮವೇ ಬದಲಾಯಿತು. ದನಿಯ ಚಿಂತೆ ಬಿಟ್ಟೆ. ಯಾವ ಪುಸ್ತಕ ಕಂಡರೂ ಮೊದಲು ವಾಕ್ಯದ ಉದ್ದ ನೋಡುತ್ತಿದ್ದೆ. ಕಾಂಡಿ ತುಂಬುವಾಗ ಎಳೆ ಎಲ್ಲಿ ಹರಿಯುತ್ತದೆ ಎಂದು ನೋಡುವ ಕಣ್ಣೇ ಅದಕ್ಕೂ ಉಪಯೋಗವಾಯಿತು. ಕೊಲ್ಹಾಪುರದ ಆ ಕಪಾಟನ್ನು ಮೇಲಿಂದ ಕೆಳಗೆ ಜಾಲಾಡಿದೆ. ಕನ್ನಡದ ಲೇಖಕರಿಗೆ ಪೂರ್ಣವಿರಾಮದ ಮೇಲೆ ಏನು ಸಿಟ್ಟಿದೆಯೋ ತಿಳಿಯದು, ಒಬ್ಬರೂ ಬೇಗ ನಿಲ್ಲುತ್ತಿರಲಿಲ್ಲ.

ಸಿಕ್ಕಿದ್ದು ಗಡಹಿಂಗ್ಲಜದಲ್ಲಿ. ಅಲ್ಲಿ ನಮ್ಮ ಚಿಗವ್ವನ ಮನೆ. ಅವಳ ಜೊತೆಗೆ ಸಂತೆಗೆ ಹೋದಾಗ ರದ್ದಿಯ ಜೊತೆಗೆ ಕಿರಾಣಿಯನ್ನೂ ಮಾರುವ ಒಂದು ಅಂಗಡಿಯ ಮುಂದೆ ನಿಂತೆ. ಬೆಲ್ಲ, ಪುಟಾಣಿ ಕಡಲೆ ಕಟ್ಟಿಕೊಡಲು ಹರಿಯಲಿದ್ದ ಪುಸ್ತಕಗಳ ಗುಡ್ಡೆಯಲ್ಲಿ ಒಂದು, ಹೊದಿಕೆಯೂ ಇಲ್ಲ, ಹೆಸರೂ ಇಲ್ಲ. ಮಳೆಗಾಲದ ಮಂಜಿನಲ್ಲಿ ಹಿಂಡು ಕಳೆದುಕೊಂಡ ಒಬ್ಬ ಕುರಿಗಾರನ ಕತೆ. ತೆರೆದ ಪುಟದಲ್ಲಿ ಹೀಗಿತ್ತು: ‘ಅವನು ನಿಂತ. ನಾಯಿ ನಿಂತಿತು. ಕುರಿಗಳು ನಿಲ್ಲಲಿಲ್ಲ.’

ಒಂದೊಂದೇ ವಾಕ್ಯ ಕಣ್ಣಲ್ಲಿ ಎತ್ತಿಕೊಂಡು, ಮುಖವೆತ್ತಿ, ರದ್ದಿಯವನಿಗೆ ಹೇಳಿದೆ. ಬೆಣಚುಕಲ್ಲು ಎತ್ತಿ ಎತ್ತಿ ಕೊಟ್ಟಷ್ಟು ಸಲೀಸು. ಅವನು ತಕ್ಕಡಿಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕೇಳಿದ.

“ಆಮ್ಯಾಲ ಏನಾತ್ರಿ?”

“ನಾ ಇನ್ನೂ ಓದಿಲ್ಲರೀ.”

“ತಗೊಂಡ ಹೋಗ್ರಿ ಹಂಗಾರ. ಆದ್ರ ಹಿಂದಿನ ಹಾಳಿ ಇಲ್ಲ ನೋಡ್ರಿ. ನಿನ್ನೆ ಪುಟಾಣಿ ಕಟ್ಟೇನಿ.”

ಕತೆಯ ಕೊನೆ ಯಾರದೋ ಮನೆಗೆ ಪುಟಾಣಿಯ ಜೊತೆಗೆ ಹೋಗಿತ್ತು. ಅದನ್ನು ಆಮೇಲೆ ನೋಡಿಕೊಂಡರಾಯಿತು ಎಂದುಕೊಂಡೆ. ಅಪ್ಪ ಅಲ್ಲಿಯತನಕ ಕೂತರೆ ತಾನೇ ಆ ಪ್ರಶ್ನೆ.

ಸೂಟಿಯ ದಿನ ಮಣೆಯನ್ನು ಗೋಡೆಯ ನೆರಳಿನಿಂದ ಬಾಗಿಲ ಕಡೆಗೆ ಸರಿಸಿದವನು ಅಪ್ಪ. “ಪುಸ್ತಕದ ಮ್ಯಾಲೆ ಬೆಳಕ ಬಿದ್ರ ನನಗೇನಾತು? ನಿನ್ನ ಮಾರಿ ಮ್ಯಾಲೆ ಬೀಳಲಿ” ಎಂದ. ಗೋಡೆಗೆ ಒರಗುತ್ತಿದ್ದ ಗಂಡಸರೂ ಅವತ್ತು ಏನೋ ನೆಪ ಹೇಳುತ್ತ ಮುಂದೆ ಬಂದು ಕೂತರು, ಹೆಂಗಸರು ಹಿಂದೆ ಸರಿದರು. ಅತ್ಯಾ “ಈಗ ಗಂಡಸರಿಗೆ ಕತಿ, ನಮಗ ಬೆನ್ನು” ಎಂದು ಗೊಣಗಿದಳು. ಅವಳಿಗೇನು, ನನ್ನ ದನಿ ಮೂರು ಮನೆಯಾಚೆಗೂ ಕೇಳುತ್ತಿತ್ತು.

ನೋಡಿದೆ, ತಲೆ ಎತ್ತಿದೆ, ಹೇಳಿದೆ. ನೋಡಿದೆ, ತಲೆ ಎತ್ತಿದೆ, ಹೇಳಿದೆ. ಪ್ರತಿ ವಾಕ್ಯಕ್ಕೂ ಅಪ್ಪನ ಮುಖ ನನ್ನೆದುರಿಗೆ. ಕುರಿಗಾರ ನಾಯಿಯನ್ನು ಬೈದ, ಅಪ್ಪನ ತುಟಿ ಸೊಟ್ಟಗಾಯಿತು. ಕುರಿಗಾರ ಕಂಬಳಿ ಕೊಪ್ಪೆ ಹಾಕಿಕೊಂಡು ಬಂಡೆಯ ಮೇಲೆ ಕೂತ, ಅಪ್ಪ ಹೆಗಲು ಕುಗ್ಗಿಸಿದ. ‘ಅವನು ನಿಂತ. ನಾಯಿ ನಿಂತಿತು. ಕುರಿಗಳು ನಿಲ್ಲಲಿಲ್ಲ’ ಎಂಬಲ್ಲಿ ಅವನು ಕಾರಖಾನೆಯಲ್ಲಿ ನಕ್ಕಂತೆಯೇ ನಕ್ಕ, ಬಿದ್ದು ಬಿದ್ದು. ನನ್ನ ಮುಂದೆ ಅಷ್ಟು ನಗುವುದು ಅದೇ ಮೊದಲು. ನನಗೆ ಓದು ತಪ್ಪಿತು. ಮತ್ತೆ ಸಾಲು ಹುಡುಕಿಕೊಂಡೆ.

ಅಪ್ಪನ ಮೊಣಕಾಲು ಕಟ್ ಎನ್ನಲಿಲ್ಲ. ಚುರಮುರಿ ಮುಗಿಯಿತು, ಚಹಾ ಬಂತು, ಬಿಸಿಲು ಹೊಸ್ತಿಲು ದಾಟಿ ನನ್ನ ಮಂಡಿಯ ಮೇಲೆ ಬಂತು. ಹಾಳೆಗಳು ತೆಳ್ಳಗಾದವು. ಒಂದು ಕಡೆ ಕುರಿಗಾರ ಹಳ್ಳದ ಆಚೆ ಗಂಟೆಯ ಸದ್ದು ಕೇಳಿ ನೀರಿಗೆ ಕಾಲಿಟ್ಟ. ಅಲ್ಲಿಗೆ ಪುಸ್ತಕ ಹರಿದುಹೋಗಿತ್ತು.

ನಾನು ತಲೆ ಕೆಳಗೆ ಮಾಡಲಿಲ್ಲ. ಮುಖವೆತ್ತಿದವಳು ಎತ್ತಿದಂತೆಯೇ ಮುಂದುವರಿದೆ. ನೀರು ತಣ್ಣಗಿತ್ತು ಎಂದೆ. ನಾಯಿ ಮೊದಲು ಈಜಿತು ಎಂದೆ. ಯಾರಿಗೂ ಏನೂ ಗೊತ್ತಾಗಲಿಲ್ಲ. ಅವ್ವ ತೊಗರಿ ಬಿಟ್ಟು ಕೇಳುತ್ತಿದ್ದಳು. ಕಣ್ಣು ಕಾಣದ ಅಜ್ಜ “ಹೂಂ, ಹೂಂ” ಎನ್ನುತ್ತಿದ್ದರು.

ಅಪ್ಪ ಮಾತ್ರ ಹುಬ್ಬು ಗಂಟಿಕ್ಕಿದ. ನನ್ನ ಮುಖವನ್ನೇ ನೋಡುತ್ತ ಕೂತವನಿಗೆ ನನ್ನ ಕಣ್ಣು ಕೆಳಗಿಳಿಯುವುದು ನಿಂತದ್ದು ಕಂಡಿತ್ತು. ಅವನು ದನಿ ತೆಗೆಯಲಿಲ್ಲ. ಕಾರಖಾನೆಯಲ್ಲಿ ಮಾಡುವಂತೆ ಬರೀ ತುಟಿಯಲ್ಲಿ ಕೇಳಿದ.

“ಪುಸ್ತಕ ಮುಗದೈತಿ, ಹೌದಿಲ್ಲ?”

ಹೌದೆಂದು ನಾನೂ ತುಟಿ ಅಲ್ಲಾಡಿಸಿದೆ. ಹಿಂದೆ ಕೂತವರಿಗೆ ನಾನು ಉಸಿರು ತೆಗೆದುಕೊಂಡಂತೆ ಕಂಡಿರಬೇಕು.

ಈಗ ಏಳುತ್ತಾನೆ ಎಂದುಕೊಂಡೆ. ಅಪ್ಪ ಒಂದು ಮಂಡಿ ಬದಲಿಸಿ ಇನ್ನೂ ಸ್ವಲ್ಪ ಮುಂದಕ್ಕೆ ಸರಿದು ಕೂತ.

“ನಿಂದರಬ್ಯಾಡ,” ಎಂದವು ಅವನ ತುಟಿಗಳು. “ಕುರಿ ಸಿಗಲಿ.”

ನಾನು ಕೈಯಲ್ಲಿದ್ದ ಹಾಳೆಯನ್ನೇ ಓದುವವಳಂತೆ ಇನ್ನೊಮ್ಮೆ ತಿರುವಿದೆ. ಆಮೇಲೆ ಅಪ್ಪನ ಮುಖ ನೋಡುತ್ತ, ನನ್ನ ಒರಟು ದನಿಯಲ್ಲಿ, ಕುರಿಗಳನ್ನು ಒಂದೊಂದಾಗಿ ಮಂಜಿನೊಳಗಿಂದ ಹೊರಗೆ ತಂದೆ.